ತೋರುಬೆರಳಿಲ್ಲದ ಕೈ

ಓಸ್ತಿಯನ್ನು ಮುರಿಯುವಾಗ ಸಣ್ಣ ಸದ್ದು ಕೇಳಬೇಕು, ಚೂರು ಹಾರಬಾರದು. ಪಾದ್ರಿಗಳನ್ನು ತಯಾರು ಮಾಡುವ ಸೆಮಿನರಿಯಲ್ಲಿ ನಾನು ಕಲಿಸುತ್ತಿದ್ದ ಪಾಠದ ಸಾರ ಇಷ್ಟೇ. ಓಸ್ತಿ ಎಂದರೆ ಪೂಜೆಯಲ್ಲಿ ಗುರು ಎರಡೂ ಕೈಯಿಂದ ಎತ್ತಿ ತೋರಿಸುವ ದುಂಡನೆಯ ಬಿಳಿ ರೊಟ್ಟಿ. ಒಣಗಿದ ಎಲೆಯಷ್ಟು ತೆಳು, ಅಷ್ಟೇ ಬೇಗ ಪುಡಿಯಾಗುವಂಥದ್ದು. ಗುರುದೀಕ್ಷೆಗೆ ಹತ್ತಿರವಾದ ತರುಣರಿಗೆ ಅದನ್ನು ಹಿಡಿಯುವುದು, ಎತ್ತುವುದು, ಮುರಿಯುವುದು ಹೇಗೆಂದು ವರ್ಷವಿಡೀ ಅಭ್ಯಾಸ ಮಾಡಿಸುವುದು ನನ್ನ ಕೆಲಸ. ಪವಿತ್ರೀಕರಿಸದ ರೊಟ್ಟಿ, ದ್ರಾಕ್ಷಾರಸದ ಬದಲು ನೀರು, ಎದುರಿಗೆ ಜನವಿಲ್ಲ. ಇದಕ್ಕೆ ನಾವು ಒಣಪೂಜೆ ಎನ್ನುತ್ತಿದ್ದೆವು.

ಪುಸ್ತಕದ ನಿಯಮ ಕಟ್ಟುನಿಟ್ಟು. ಪವಿತ್ರೀಕರಣದ ಮಾತು ಹೇಳಿದ ಗಳಿಗೆಯಿಂದ ಕೊನೆಯಲ್ಲಿ ಬೆರಳು ತೊಳೆಯುವವರೆಗೆ ಗುರುವಿನ ಹೆಬ್ಬೆರಳು, ತೋರುಬೆರಳು ಒಂದಕ್ಕೊಂದು ಅಂಟಿಕೊಂಡೇ ಇರಬೇಕು. ರೊಟ್ಟಿಯ ಕಣವೊಂದು ಬೆರಳಿಗೆ ಹತ್ತಿದ್ದರೆ ಅದು ಎಲ್ಲೂ ಬೀಳಬಾರದು. ಪುಟ ತಿರುಗಿಸಲು, ಪಾನಪಾತ್ರೆಯ ಮುಚ್ಚಳ ತೆಗೆಯಲು ಉಳಿದ ಬೆರಳುಗಳೇ ಗತಿ. ಆ ಎರಡು ಬೆರಳು ಅರೆಕ್ಷಣ ಬಿಟ್ಟುಕೊಂಡರೂ ನಾನು ಪೆನ್ಸಿಲಿನಿಂದ ಮೇಜು ಕುಟ್ಟಿ "ಮೊದಲಿನಿಂದ" ಎನ್ನುತ್ತಿದ್ದೆ. ವಿದ್ಯಾರ್ಥಿಗಳು ಬೆನ್ನ ಹಿಂದೆ ನನ್ನನ್ನು ಪೆನ್ಸಿಲ್ ಎಂದೇ ಕರೆಯುತ್ತಿದ್ದರು. ನನಗೆ ಬೇಜಾರಿರಲಿಲ್ಲ. ಗೆರೆ ನೆಟ್ಟಗಿರಬೇಕು ಎಂಬುದಷ್ಟೇ ನನ್ನ ಹಠ.

ಇದು ಐವತ್ತರ ದಶಕದ ನಡುಭಾಗದ ಮಾತು. ನಮ್ಮ ಸೆಮಿನರಿ ಕಾಂದಿವಲಿ ಸ್ಟೇಷನ್‌ನಿಂದ ಪೂರ್ವಕ್ಕೆ ಅರ್ಧ ಗಂಟೆಯ ನಡಿಗೆಯಲ್ಲಿತ್ತು. ಅಲ್ಲಿಗೆ ಪೇಟೆಯ ನಲ್ಲಿ ನೀರು ಬಂದಿರಲಿಲ್ಲ. ಹಿತ್ತಲ ಬಾವಿಯಿಂದ ಡೀಸೆಲ್ ಎಂಜಿನ್ನಿನ ಪಂಪು ನೀರನ್ನು ಮೇಲಿನ ಟಾಂಕಿಗೆ ಎತ್ತಬೇಕು. ಎಂಜಿನ್ನಿಗೂ ಪಂಪಿಗೂ ನಡುವೆ ಚರ್ಮದ ಅಗಲ ಬೆಲ್ಟು. ಆ ಬೆಲ್ಟು ಜಾರಿದಾಗೆಲ್ಲ ಕರೆ ಹೋಗುತ್ತಿದ್ದದ್ದು ಹುಬ್ಳಿಗೆ.

ಹುಬ್ಳಿ ಎಂದರೆ ಊರಲ್ಲ, ನನ್ನ ವಿದ್ಯಾರ್ಥಿ. ಅವನ ತಂದೆ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟರ್ ಆಗಿದ್ದು, ಆಮೇಲೆ ಮುಂಬಯಿಯ ವರ್ಕ್‌ಶಾಪಿಗೆ ಬಂದು ಪರೇಲಿನ ಚಾಳಿನಲ್ಲಿ ನೆಲೆಸಿದವರು. ಮಗ ಅಪ್ಪನ ಸ್ಪ್ಯಾನರುಗಳ ನಡುವೆ ಬೆಳೆದಿದ್ದ. ಲ್ಯಾಟಿನ್ ಅವನಿಗೆ ಅಷ್ಟಕ್ಕಷ್ಟೆ. ಕೈ ಮಾತ್ರ ತೂಕ ಹಾಕಿದ ಹಾಗೆ ನಿಖರ. ಇಡೀ ತರಗತಿಯಲ್ಲಿ ಮೊದಲ ಸಲಕ್ಕೇ ರೊಟ್ಟಿಯನ್ನು ಸರಿಯಾಗಿ ಮುರಿದವನು ಅವನೊಬ್ಬನೇ. ಸೆಮಿನರಿಯಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಆಡಬಾರದೆಂಬ ಕಟ್ಟಳೆ ಇತ್ತು. ಉಡುಪಿ ಕಡೆಯ ನಾನೂ ಹುಬ್ಬಳ್ಳಿಯ ಅವನೂ ಪೂಜಾಸಾಮಗ್ರಿಯ ಕೋಣೆಯ ಬಾಗಿಲು ಹಾಕಿದ ಮೇಲೆ ಕನ್ನಡವನ್ನೇ ಆಡುತ್ತಿದ್ದೆವು. ನನ್ನ ಕನ್ನಡ ಕೇಳಿ ಅವನಿಗೆ ನಗು, ಅವನದು ಕೇಳಿ ನನಗೆ ನಗು.

ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ದಿನಗಳು. ಬಿಸಿಲಿಗೆ ಬಾವಿ ಇಳಿದಿತ್ತು. ಪಂಪು ಕೆಟ್ಟು, ಪೇಟೆಯ ಮಿಸ್ತ್ರಿ ಎರಡು ದಿನವಾದರೂ ಬರಲಿಲ್ಲ. ಮೂರನೆಯ ಬೆಳಿಗ್ಗೆ ಉಪಾಹಾರದ ನಂತರ ರೆಕ್ಟರರು, ಅಂದರೆ ಸೆಮಿನರಿಯ ಮುಖ್ಯಸ್ಥರು, ಹುಬ್ಳಿಯನ್ನು ಕರೆದು "ಬ್ರದರ್, ನೀವೇ ಒಮ್ಮೆ ನೋಡಿ" ಎಂದರು. ನಾನು ಪಕ್ಕದಲ್ಲೇ ಇದ್ದೆ. ಹುಬ್ಳಿ ನಿಲುವಂಗಿಯ ತೋಳು ಮಡಚಿ ಹೊರಟ. ನನ್ನ ಮೊದಲ ಪೀರಿಯಡ್ ಮುಗಿಯುವ ಹೊತ್ತಿಗೆ ಹಿತ್ತಲಿನಿಂದ ಕೂಗು ಕೇಳಿತು. ಬೆಲ್ಟನ್ನು ಗಾಲಿಗೆ ಏರಿಸುತ್ತಿದ್ದಾಗ ಎಂಜಿನ್ ಒಂದು ಸುತ್ತು ತಾನಾಗಿ ತಿರುಗಿಬಿಟ್ಟಿತ್ತು. ಬಲಗೈಯ ತೋರುಬೆರಳು ಬೆಲ್ಟಿಗೂ ಗಾಲಿಗೂ ನಡುವೆ ಸಿಕ್ಕಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರರು ಬೆರಳನ್ನು ಬುಡದವರೆಗೆ ತೆಗೆಯಬೇಕಾಯಿತು. ಮರುದಿನ ನಾನು ಹೋದಾಗ ಹುಬ್ಳಿ ಕೇಳಿದ ಮೊದಲ ಮಾತು: "ನೀರು ಏರಿತೇನ್ರಿ ಫಾದರ್?"

"ಏರಿತು ಮಾರಾಯ. ನೀನು ಮಲಕ್ಕೋ" ಎಂದೆ.

ಅವನು ಬ್ಯಾಂಡೇಜು ಸುತ್ತಿದ ಕೈಯನ್ನು ನನ್ನ ಮುಂದೆ ಹಿಡಿದ. "ಇದೇ ಬೆರಳ ಬೇಕಾಗಿತ್ತು ನೋಡ್ರಿ."

ಅವನಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು. ಚರ್ಚಿನ ಕಾನೂನಿನ ಪ್ರಕಾರ, ಪೂಜೆಯನ್ನು ಸುರಕ್ಷಿತವಾಗಿ ಮತ್ತು ಶೋಭೆಯಿಂದ ಮಾಡಲಾಗದಂಥ ಅಂಗವೈಕಲ್ಯವಿದ್ದವನಿಗೆ ದೀಕ್ಷೆ ಕೊಡುವಂತಿಲ್ಲ. ಹೆಬ್ಬೆರಳು ಅಥವಾ ತೋರುಬೆರಳು ಹೋದರೆ ಅದು ಆ ಲೆಕ್ಕಕ್ಕೇ ಸೇರುತ್ತದೆ. ಈ ಪಾಠವನ್ನೂ ಅವನಿಗೆ ಹೇಳಿಕೊಟ್ಟವನು ನಾನೇ.

ಗಾಯ ಒಣಗುವ ಮೊದಲೇ ರೆಕ್ಟರರು ನನ್ನನ್ನು ಕರೆಸಿದರು. ಅವರು ಕೆಟ್ಟ ಮನುಷ್ಯರಲ್ಲ. ಹುಬ್ಳಿಯ ಆಪರೇಷನ್ ನಡೆಯುವಷ್ಟೂ ಹೊತ್ತು ಆಸ್ಪತ್ರೆಯ ಬೆಂಚಿನ ಮೇಲೆ ಜಪಮಾಲೆ ಹಿಡಿದು ಕೂತಿದ್ದವರು ಅವರು. ಅವರ ಇಂಗ್ಲಿಷ್ ಮಾತು ಯಾವಾಗಲೂ ಅಳೆದದ್ದು.

"ಸಬ್‌ಡೀಕನ್ ದೀಕ್ಷೆ ಇನ್ನೂ ಆಗಿಲ್ಲ. ಬ್ರಹ್ಮಚರ್ಯದ ಮಾತು ಕೊಟ್ಟಿಲ್ಲ. ಅವನು ಇನ್ನೂ ಸ್ವತಂತ್ರ. ಮನೆಗೆ ಹೋಗಲಿ, ಒಳ್ಳೆಯ ಕೆಲಸಕ್ಕೆ ನಾನೇ ಶಿಫಾರಸು ಮಾಡುತ್ತೇನೆ."

"ರೋಮಿನಿಂದ ವಿನಾಯಿತಿ ಕೇಳಬಹುದಲ್ಲ" ಎಂದೆ. "ಪೂಜಾವಿಧಿ ಕಲಿಸುವವನು ಪರೀಕ್ಷೆ ಮಾಡಿ, ಇವನಿಂದ ಆಗುತ್ತದೆ ಎಂದು ಬರೆದುಕೊಟ್ಟರೆ, ಬಿಷಪರ ಮೂಲಕ ಅರ್ಜಿ ಹೋಗಬಹುದು."

"ಪೂಜಾವಿಧಿ ಕಲಿಸುವವರು ನೀವು. ಆ ಬೆರಳಿಲ್ಲದೆ ಆಗುತ್ತದೆಯೇ?"

ಅಷ್ಟು ವರ್ಷ ಪೆನ್ಸಿಲ್ ಕುಟ್ಟಿದವನು ನಾನು. "ಗೊತ್ತಿಲ್ಲ. ನೋಡಿ ಹೇಳುತ್ತೇನೆ" ಎಂದೆ. ಗುರುದೀಕ್ಷೆಯ ಹಾದಿಯಲ್ಲಿ ಮೊದಲ ದೊಡ್ಡ ಮೆಟ್ಟಿಲಾದ ಆ ಸಬ್‌ಡೀಕನ್ ದೀಕ್ಷೆಯ ದಿನದವರೆಗೆ ರೆಕ್ಟರರು ನನಗೆ ಸಮಯ ಕೊಟ್ಟರು.

ಗಾಯ ಮಾಗಿದ ಮೇಲೆ ಒಂದು ಭಾನುವಾರ, ಮನೆಯವರು ಭೇಟಿಗೆ ಬರುವ ದಿನ. ಹುಬ್ಳಿಯ ತಂದೆ ಕೈಚೀಲದಿಂದ ಒಂದು ಕರವಸ್ತ್ರದ ಗಂಟು ತೆಗೆದರು. ಒಳಗೆ ಬೆರಳು. ಹಿತ್ತಾಳೆಯದು. ಎರಡು ಕಡೆ ಕೀಲು, ಬುಡದಲ್ಲಿ ಚರ್ಮದ ಪಟ್ಟಿ. ಲೇತಿನ ಮೇಲೆ ತಿರುಗಿಸಿ, ಅರದಿಂದ ಉಜ್ಜಿ, ಉಗುರಿನ ಗುರುತನ್ನೂ ಕೆತ್ತಿದ್ದರು. ಅಷ್ಟು ಚೆಂದದ ಕೆಲಸವನ್ನು ನಾನು ಬೆಳ್ಳಿಯ ಪೂಜಾಪಾತ್ರೆಗಳಲ್ಲೂ ಕಂಡಿರಲಿಲ್ಲ.

"ನೋಡ್ರಿ ಫಾದರ್, ಮಡಚತೈತಿ, ನೆಟ್ಟಗೂ ಆಗತೈತಿ. ನಡಿತೈತಿಲ್ರಿ?"

ಹುಬ್ಳಿ ಅದನ್ನು ಕಟ್ಟಿಕೊಂಡು ವಾರವಿಡೀ ಅಭ್ಯಾಸ ಮಾಡಿದ. ರೊಟ್ಟಿ ಎಷ್ಟು ಒತ್ತಡ ತಡೆಯುತ್ತದೆಂದು ಹಿತ್ತಾಳೆಗೆ ತಿಳಿಯುವುದಿಲ್ಲ. ಹಿಡಿದ ರೊಟ್ಟಿಗಳೆಲ್ಲ ಅಂಚಿನಲ್ಲಿ ಪುಡಿಯಾದವು. ಅದಕ್ಕಿಂತ ದೊಡ್ಡ ತೊಡಕು ಕೀಲಿನದು. ನಾನು ಭೂತಗನ್ನಡಿ ಹಿಡಿದು ನೋಡಿದೆ. ಕೀಲಿನ ಸಂದಿಯಲ್ಲಿ ಬಿಳಿಯ ಹಿಟ್ಟು ಕೂತಿತ್ತು. ನಿಜವಾದ ಪೂಜೆಯಲ್ಲಿ ಅದು ಪವಿತ್ರ ಕಣ. ಅದನ್ನು ಅಲ್ಲಿಂದ ತೊಳೆದು ತೆಗೆಯುವ ಬಗೆ ಇಲ್ಲ. ಮುಂದಿನ ಭಾನುವಾರ ಬೆರಳನ್ನು ಅದೇ ಕರವಸ್ತ್ರದಲ್ಲಿ ಸುತ್ತಿ ವಾಪಸ್ ಕೊಡುವಾಗ ನನಗೆ ಆ ಹಿರಿಯರ ಮುಖ ನೋಡಲಾಗಲಿಲ್ಲ.

ಅವರು ಗಂಟನ್ನು ಚೀಲಕ್ಕೆ ಹಾಕಿಕೊಂಡರು. "ಕಬ್ಬಿಣದ ಕೆಲಸಕ್ಕಾದರ ನಡೀತಿತ್ತು. ಇದು ನಾಜೂಕು ಕೆಲಸ" ಎಂದಷ್ಟೇ ಹೇಳಿದರು.

ಆ ಸಂಜೆ ನಾನು ಪೂಜಾಸಾಮಗ್ರಿಯ ಕೋಣೆಯಲ್ಲಿ ಹುಬ್ಳಿಗೆ ಹೇಳಿದೆ, "ಇಲ್ಲದ ಬೆರಳನ್ನು ಇದೆ ಅಂತ ತೋರಿಸುವ ಕೆಲಸ ಸಾಕು. ಇರುವುದರಲ್ಲಿ ಮಾಡುವ. ಹೆಬ್ಬೆರಳಿಗೆ ನಡುಬೆರಳು."

"ಪುಸ್ತಕದಾಗ ತೋರುಬೆರಳ ಅಂತೈತಲ್ರಿ."

"ಇದೆ. ಹಿಡಿ ರೊಟ್ಟಿಯನ್ನು."

ಮತ್ತೆ ಮೊದಲಿನಿಂದ ಹೊರಟೆವು. ನಡುಬೆರಳು ಹೆಬ್ಬೆರಳಿಗೆ ಅಂಟಿಕೊಂಡರೆ ಮುಚ್ಚಳ ತೆಗೆಯುವ ಕೆಲಸ ಉಂಗುರಬೆರಳು, ಕಿರುಬೆರಳುಗಳ ಪಾಲಿಗೆ. ಕಿರುಬೆರಳಿಗೆ ಅಷ್ಟು ಬಲವಿಲ್ಲ. ಹುಬ್ಳಿ ಊಟದ ಮನೆಯಲ್ಲಿ, ಓದುವ ಕೋಣೆಯಲ್ಲಿ, ಆಟದ ಹೊತ್ತಿನಲ್ಲಿ ಒಂದು ರಟ್ಟಿನ ಚೂರನ್ನು ಆ ಎರಡು ಬೆರಳ ನಡುವೆ ಹಿಡಿದುಕೊಂಡೇ ಓಡಾಡಿದ. ಗಾಯದ ಗುರುತು ಕೆಂಪಾಗಿ ಉರಿಯುತ್ತಿತ್ತು. ಎರಡು ತಿಂಗಳಲ್ಲಿ ಪುಟ, ಮುಚ್ಚಳ, ಪಾತ್ರೆಯ ಮೇಲೆ ಶಿಲುಬೆಯ ಗುರುತು, ಎಲ್ಲವೂ ಹದಕ್ಕೆ ಬಂದವು. ಬಂದವು ಎಂದು ನಾನು ತಿಳಿದೆ. ರೆಕ್ಟರರನ್ನೂ ಇಬ್ಬರು ಪ್ರಾಧ್ಯಾಪಕರನ್ನೂ ಕರೆದು ಪರೀಕ್ಷೆಗೆ ನಿಲ್ಲಿಸಿದೆ.

ರೊಟ್ಟಿಯನ್ನು ಎತ್ತುವವರೆಗೆ ಒಂದು ತಪ್ಪೂ ಇಲ್ಲ. ಆಮೇಲೆ ಮುರಿಯುವ ಗಳಿಗೆ. ರೊಟ್ಟಿಯನ್ನು ಪಾತ್ರೆಯ ಮೇಲೆ ಹಿಡಿದು ನಡುವೆ ಮುರಿದು, ಎಡಗೈಯ ಅರ್ಧದಿಂದ ಒಂದು ಚಿಕ್ಕ ತುಣುಕನ್ನು ಬಲಗೈಯಿಂದ ಮುರಿದುಕೊಳ್ಳಬೇಕು. ಬಲಗೈ ತಿರುಗಿತು. ಸದ್ದು ಕೇಳಿತು. ತುಣುಕು ಪಾತ್ರೆಯ ಅಂಚಿಗೆ ತಾಗಿ ಪುಟಿದು ನೆಲಕ್ಕೆ ಬಿತ್ತು, ರೆಕ್ಟರರ ಬೂಟಿನಿಂದ ಒಂದು ಗೇಣು ದೂರಕ್ಕೆ.

ರೆಕ್ಟರರೇ ಬಗ್ಗಿ ಆ ತುಣುಕನ್ನು ಹೆಕ್ಕಿ ಮೇಜಿನ ಮೇಲಿಟ್ಟರು. ಪವಿತ್ರೀಕರಿಸದ ರೊಟ್ಟಿ, ಆದರೂ ಅವರು ಹೆಕ್ಕಿದ ರೀತಿ ನೋಡಿದರೆ ಅವರ ಮನಸ್ಸಿನ ಭಯ ತಿಳಿಯುತ್ತಿತ್ತು. ಹೊರಗೆ ಬಂದು ನನಗೆ ಹೇಳಿದರು, "ನೋಡಿದಿರಲ್ಲ. ಆಗುವುದಿಲ್ಲ ಎಂದು ಬರೆದುಕೊಡಿ. ಇನ್ನು ಈ ಅಭ್ಯಾಸ ಬೇಡ. ಪೂಜಾಸಾಮಗ್ರಿಯ ಕೋಣೆಯ ಬೀಗದಕೈ ನನ್ನ ಬಳಿ ಇರಲಿ."

ಬೀಗದಕೈ ಕೊಟ್ಟೆ.

ಹುಬ್ಳಿ ಗ್ರಂಥಾಲಯದ ಹಿಂದಿನ ಮೆಟ್ಟಿಲ ಮೇಲೆ ಕೂತಿದ್ದ. ಅಳುತ್ತಿರಬಹುದು ಎಂದುಕೊಂಡು ಹೋದರೆ, ರಟ್ಟಿನ ಚೂರು ಹಿಡಿದು ಬೆರಳಾಡಿಸುತ್ತಿದ್ದ. "ನಾ ಹೋಗಂಗಿಲ್ರಿ" ಎಂದ, ನಾನು ಬಾಯಿ ಬಿಡುವ ಮೊದಲೇ. "ಹೊರಗ ಹಾಕಿದರ ಗೇಟಿನ ಮುಂದ ಕುಂದರತೀನಿ. ಬೆರಳ ಹೋಗೇತಿ ಫಾದರ್, ದೇವರು ಕರೆದದ್ದು ಹೋಗಿಲ್ಲ."

"ಸುಮ್ಮನಿರು. ಆ ತುಣುಕು ಯಾಕೆ ಹಾರಿತು ಹೇಳು."

ಅವನು ಯೋಚಿಸಿದ. ಮೆಕ್ಯಾನಿಕನ ಮಗ ತಾನೆ. "ನಡುಬೆರಳ ಉದ್ದ. ತೋರುಬೆರಳಿನ ಲೆಕ್ಕದಾಗ ಮಣಿಕಟ್ಟು ತಿರುವಿದರ ರೊಟ್ಟಿ ಓರೆ ಆಗತೈತಿ. ಮುರಿಯೂ ಮುಂದ ಜೋರು ಒಂದ ಬಾಜೂಕ ಬೀಳತೈತಿ."

"ಎಡಗೈಯಲ್ಲಿ ಎರಡೂ ಬೆರಳು ಇದೆಯಲ್ಲ?"

"ಅದು ಬರೇ ಹಿಡಿಯೂ ಕೈರಿ."

"ಇನ್ನು ಬಲಗೈ ಹಿಡಿಯಲಿ. ಎಡಗೈ ಮುರಿಯಲಿ."

ಹುಬ್ಳಿ ನನ್ನನ್ನೇ ನೋಡಿದ. ಯಾವ ಕೈ ಮುರಿಯಬೇಕೆಂದು ಪುಸ್ತಕ ಸ್ಪಷ್ಟವಾಗಿ ಹೇಳುತ್ತದೆ. ಆ ಸಾಲಿಗೆ ತಪ್ಪಿದ ಎಷ್ಟು ಜನರನ್ನು ನಾನು ಮತ್ತೆ ಮೊದಲಿನಿಂದ ಮಾಡಿಸಿದ್ದೆನೋ ಲೆಕ್ಕವಿಲ್ಲ. ಆ ಮೆಟ್ಟಿಲ ಮೇಲೆ ನಿಂತು ನಾನು ಆ ಸಾಲನ್ನು ದಾಟಿದೆ. ರೊಟ್ಟಿಯ ಕಣ ಬೀಳಬಾರದೆಂದು ತಾನೆ ಆ ಸಾಲು ಹುಟ್ಟಿದ್ದು? ಕಣ ಬೀಳದಂತೆ ನೋಡಿಕೊಂಡರೆ ಸಾಲಿನ ಮಾನ ಉಳಿಯಿತು. ಉಳಿದದ್ದಕ್ಕೆ ರೋಮಿನ ವಿನಾಯಿತಿ ಇದೆ. ಇಷ್ಟನ್ನು ಅರಿಯಲು ನನಗೆ ಅಷ್ಟು ವರ್ಷ ಬೇಕಾಯಿತಲ್ಲ ಎಂದು ನಾಚಿಕೆಯೂ ಆಯಿತು.

ಕೋಣೆಗೆ ಬೀಗ ಬಿದ್ದಿತ್ತು. ಪಂಪಿನ ಶೆಡ್ಡಿಗೆ ಬೀಗವಿರಲಿಲ್ಲ. ಮಧ್ಯಾಹ್ನದ ಊಟದ ನಂತರ ಎಲ್ಲರೂ ಒಂದು ಗಳಿಗೆ ಮಲಗುವ ಹೊತ್ತಿನಲ್ಲಿ ನಾವಿಬ್ಬರೂ ಅಲ್ಲಿಗೆ ಹೋಗುತ್ತಿದ್ದೆವು. ಬೋರಲು ಹಾಕಿದ ಮರದ ಪೆಟ್ಟಿಗೆಯೇ ಪೀಠ, ಹಿತ್ತಾಳೆಯ ಲೋಟವೇ ಪಾನಪಾತ್ರೆ. ಡೀಸೆಲ್ಲಿನ ವಾಸನೆ, ತಗಡಿನ ಸೆಕೆ. ಅಭ್ಯಾಸ ಬೇಡವೆಂದು ರೆಕ್ಟರರು ಹೇಳಿದ್ದರು. ನಾನು ಅದನ್ನು ಕೇಳಲಿಲ್ಲ ಎಂದು ನೆವ ಹೇಳಲಾರೆ. ಕೇಳಿಯೇ ಮಾಡಿದೆ.

ಮುಂದಿನ ಸಲ ಭೇಟಿಗೆ ಬಂದಾಗ ಹುಬ್ಳಿಯ ತಂದೆಗೆ ಎಲ್ಲವನ್ನೂ ಹೇಳಿದೆ. ರೊಟ್ಟಿ ಬಿದ್ದದ್ದು ಒಂದೇ ಅಲ್ಲ, ಆ ಕೈ ಕಂಡರೆ ಜನ ಬೆಚ್ಚುತ್ತಾರೆ ಎಂಬುದೂ ರೆಕ್ಟರರ ಆಕ್ಷೇಪ ಎಂದೆ. ಕಾನೂನಿನಲ್ಲಿ ಆ ಮಾತೂ ಇದೆ. ಅವರು ಮೊದಲ ಬಾರಿಗೆ ನನ್ನ ಮುಂದೆ ನಕ್ಕರು.

"ಯಾವ ಜನ ಬೆಚ್ಚತಾರ ಫಾದರ್? ನಮ್ಮ ವರ್ಕ್‌ಶಾಪಿನ್ಯಾಗ ಹತ್ತೂ ಬೆರಳ ಇದ್ದಾಂವನ್ನ ಹೊಸಬ ಅಂತ ಕರೀತಾರ. ಗಿರಣ್ಯಾಗಂತೂ ಕೇಳಬ್ಯಾಡ್ರಿ."

ಆ ಮಾತು ತಲೆಯಲ್ಲಿ ಕೂತಿತು. ಮುಂದಿನ ಭಾನುವಾರ ಲೋಕಲ್ ಹಿಡಿದು ಪರೇಲಿಗೆ ಹೋದೆ. ಬಟ್ಟೆ ಗಿರಣಿಗಳ ನಡುವಿನ ಚರ್ಚು ಅದು. ಅಲ್ಲಿನ ಪಾದ್ರಿ ನಮ್ಮ ಕರಾವಳಿಯವರೇ, ಹಿರಿಯರು. "ಬಾಗಿಲಲ್ಲಿ ನಿಂತು ಜನರ ಕೈ ಕುಲುಕುತ್ತೇನೆ, ಅಷ್ಟೆ" ಎಂದೆ.

"ಎಂತಕ್ಕೆ ಮಾರಾಯ್ರೆ?"

"ಕೈಗಳನ್ನು ನೋಡಲಿಕ್ಕೆ."

ಪೂಜೆ ಮುಗಿದು ಜನ ಹೊರಬಿದ್ದರು. ಒಬ್ಬೊಬ್ಬರ ಕೈಯನ್ನೂ ಹಿಡಿದೆ. ಮೊಂಡಾದ ಹೆಬ್ಬೆರಳು, ಮಡಚಲಾಗದ ಕಿರುಬೆರಳು, ಮೂರೇ ಬೆರಳಿನ ಒಂದು ಕೈ, ಸುಟ್ಟು ಚರ್ಮ ಬಿಗಿದ ಇನ್ನೊಂದು. ಕೊಂಕಣಿ, ಮರಾಠಿ, ಕನ್ನಡದಲ್ಲಿ ದೇವರ ಹೆಸರು ಹೇಳಿ ನನಗೆ ವಂದಿಸಿ ಹೋಗುತ್ತಿದ್ದರು. ಯಾರೂ ಕೈ ಬಚ್ಚಿಡಲಿಲ್ಲ. ಇಷ್ಟು ವರ್ಷ ನಾನು ಬೆರಳಿನ ಪಾಠ ಹೇಳಿದ್ದು ಈ ಕೈಗಳನ್ನು ಒಮ್ಮೆಯೂ ನೋಡದೆ.

ಪಾದ್ರಿಗೆ ವಿಷಯ ಹೇಳಿದೆ. ಅವರು ಆ ವಾರವೇ ಕಾಂದಿವಲಿಗೆ ಬಂದು, ಕೊಡೆಯನ್ನು ಪಂಪಿನ ಶೆಡ್ಡಿನ ಗೂಟಕ್ಕೆ ತೂಗುಹಾಕಿ, ಪೆಟ್ಟಿಗೆಯ ಪಕ್ಕ ನಿಂತು ಹುಬ್ಳಿಯ ಒಣಪೂಜೆಯನ್ನು ಮೊದಲಿನಿಂದ ಕೊನೆಯವರೆಗೆ ನೋಡಿದರು. ಬಲಗೈ ಹಿಡಿದಿತ್ತು, ಎಡಗೈ ಮುರಿಯಿತು. ಸಣ್ಣ ಸದ್ದು. ಇನ್ನೊಮ್ಮೆ ಮಾಡಿಸಿದರು. ಮತ್ತೊಮ್ಮೆ. ಪೆಟ್ಟಿಗೆಯ ಮೇಲೆ ಹಾಸಿದ್ದ ಬಟ್ಟೆಯನ್ನು ಕನ್ನಡಕ ಏರಿಸಿ ಪರೀಕ್ಷಿಸಿದರು.

"ನನ್ನ ಬಟ್ಟೆಯ ಮೇಲೆ ಇದಕ್ಕಿಂತ ಹೆಚ್ಚು ಪುಡಿ ಬೀಳ್ತದೆ" ಎಂದರು. "ಕಾಗದ ತನ್ನಿ. ನಾನೂ ಸಹಿ ಹಾಕ್ತೇನೆ. ಇವನನ್ನು ನಮ್ಮ ಚರ್ಚಿಗೇ ಕೊಡಿ ಅಂತಲೂ ಬರೀತೇನೆ."

ಹೇಳಿಕೆಯನ್ನು ಲ್ಯಾಟಿನ್ನಿನಲ್ಲಿ ಬರೆದೆ. ಕೈಯ ಸ್ಥಿತಿ, ಯಾವ ಬೆರಳು ಯಾವುದರ ಕೆಲಸ ಮಾಡುತ್ತದೆ, ಮುರಿಯುವ ಕೈ ಬದಲಾದದ್ದು, ಎಷ್ಟು ಸಲ ನೋಡಿದೆವು, ಮೊದಲ ಪರೀಕ್ಷೆಯಲ್ಲಿ ತುಣುಕು ಬಿದ್ದದ್ದು. ಏನನ್ನೂ ಬಿಡಲಿಲ್ಲ. ಕೊನೆಯಲ್ಲಿ, ಈ ವ್ಯಕ್ತಿ ಸುರಕ್ಷಿತವಾಗಿ ಮತ್ತು ಶೋಭೆಯಿಂದ ಪೂಜೆ ಮಾಡಬಲ್ಲ, ಜನ ಬೆಚ್ಚುತ್ತಾರೆ ಎಂಬ ಭಯಕ್ಕೆ ಅವನು ಸೇವೆ ಮಾಡಬೇಕಾದ ಜನರ ನಡುವೆ ಆಧಾರವಿಲ್ಲ ಎಂದು ಬರೆದು ಸಹಿ ಹಾಕಿ ರೆಕ್ಟರರ ಮುಂದಿಟ್ಟೆ.

ಅವರು ನಿಧಾನವಾಗಿ ಎರಡು ಸಲ ಓದಿದರು. "ಪಂಪಿನ ಶೆಡ್ಡಿನಲ್ಲಿ" ಎಂದರು. ಆಮೇಲೆ, "ನಾನು ಕೇಳಿದ್ದು ಆಗುವುದಿಲ್ಲ ಎಂಬ ಹೇಳಿಕೆ."

"ಆಗುತ್ತದೆ ಎಂಬುದನ್ನು ಕಣ್ಣಾರೆ ಕಂಡು ಆಗುವುದಿಲ್ಲ ಎಂದು ಹೇಗೆ ಬರೆಯಲಿ?"

"ಇದನ್ನು ನಾನು ಕಳಿಸುವುದಿಲ್ಲ. ಇವನಿಗೆ ಬಾಗಿಲು ತೆರೆದರೆ ನಾಳೆ ಇನ್ನೊಬ್ಬ ಬರುತ್ತಾನೆ."

ನನಗೆ ಸಿಟ್ಟು ಬಂತು. "ಫಾದರ್ ರೆಕ್ಟರ್, ಪಂಪು ನೋಡು ಎಂದು ಹೇಳಿದ್ದು ನೀವು. ನಾನು ಅಲ್ಲೇ ಇದ್ದೆ. ಅವನು ವಿಧೇಯನಾಗಿ ಹೋದ. ವಿಧೇಯತೆಗೆ ಬೆರಳು ಕೊಟ್ಟವನನ್ನು ಬೆರಳಿಲ್ಲವೆಂದು ಮನೆಗೆ ಕಳಿಸುವುದೇ?"

ಅವರು ಕಾಗದವನ್ನು ಮೇಜಿನ ಮೇಲಿಟ್ಟರು. "ಹೇಳಿದ್ದು ನಾನೇ. ಪ್ರತಿದಿನ ಬೆಳಿಗ್ಗೆ ಆ ಮಾತು ನನಗೆ ನೆನಪಾಗುತ್ತದೆ. ಅದಕ್ಕೇ ನಾನು ಮೃದುವಾಗಕೂಡದು. ನನ್ನ ಮನಸ್ಸಿನ ಭಾರ ಇಳಿಸಿಕೊಳ್ಳಲು ಒಬ್ಬನನ್ನು ಗುರು ಮಾಡುವಂತಿಲ್ಲ."

ಆ ಮಾತಿನಲ್ಲಿ ನ್ಯಾಯವಿತ್ತು. ಅದನ್ನು ಅಂದೂ ಒಪ್ಪಿದ್ದೆ, ಇಂದೂ ಒಪ್ಪುತ್ತೇನೆ. ಆದರೆ ಅವರ ಮನಸ್ಸಿನ ಭಾರವನ್ನು ಹುಬ್ಳಿಯ ತಲೆಗೆ ಹೊರಿಸುವುದನ್ನು ಒಪ್ಪಲಿಲ್ಲ. "ಹಾಗಾದರೆ ತೀರ್ಮಾನ ಬಿಷಪರದಾಗಲಿ, ನನ್ನದೂ ಬೇಡ, ನಿಮ್ಮದೂ ಬೇಡ" ಎಂದು ಕಾಗದ ತೆಗೆದುಕೊಂಡು ಹೊರಬಂದೆ. ಬೆನ್ನ ಹಿಂದೆ "ಫಾದರ್" ಎಂಬ ಕರೆ ಕೇಳಿತು. ತಿರುಗಲಿಲ್ಲ.

ಮರುದಿನ ಬೆಳಿಗ್ಗೆ ಹುಬ್ಳಿ ಸ್ವಂತ ಕೈಯಿಂದ, ಹೊಸ ಹಿಡಿತದಲ್ಲಿ ಬರೆದ ಅರ್ಜಿ, ಡಾಕ್ಟರರ ವಿವರಣೆ, ನಮ್ಮಿಬ್ಬರ ಹೇಳಿಕೆ ಹಿಡಿದು ಚರ್ಚ್‌ಗೇಟ್ ಲೋಕಲ್ ಹತ್ತಿದೆ. ಬಿಷಪರ ಕಚೇರಿಯ ಕಾರ್ಯದರ್ಶಿ, ರೆಕ್ಟರರ ಪತ್ರವಿಲ್ಲದೆ ತೆಗೆದುಕೊಳ್ಳಲಾಗದು ಎಂದರು. ಹಾಗಾದರೆ ಬೆಂಚಿನ ಮೇಲೆ ಕೂರುತ್ತೇನೆ ಎಂದೆ. ಮಧ್ಯಾಹ್ನದ ಘಂಟೆ ಹೊಡೆದ ಮೇಲೆ ಬಿಷಪರೇ ಊಟಕ್ಕೆಂದು ಹೊರಬಂದು, ನನ್ನನ್ನು ಕಂಡು ಒಳಗೆ ಕರೆದರು. ನಿಂತೇ ಓದಿದರು.

"ರೆಕ್ಟರರಿಗೆ ನೀವು ಬಂದದ್ದು ಗೊತ್ತೇ?"

"ಹೊರಟಿದ್ದೇನೆಂದು ಚೀಟಿ ಇಟ್ಟು ಬಂದೆ. ಅನುಮತಿ ಕೇಳಲಿಲ್ಲ."

"ಯಾಕೆ?"

"ಕೇಳಿದ್ದರೆ ಬೇಡ ಎನ್ನುತ್ತಿದ್ದರು. ಆಮೇಲೆ ನಾನು ಬಂದಿದ್ದರೆ ಅದು ಇನ್ನೂ ದೊಡ್ಡ ತಪ್ಪಾಗುತ್ತಿತ್ತು."

ಬಿಷಪರು ನಗಲಿಲ್ಲ. "ನೀವು ಪುಸ್ತಕದ ಮನುಷ್ಯ ಎಂದು ಕೇಳಿದ್ದೆ."

"ಹೌದು ಪ್ರಭುಗಳೇ. ವಿನಾಯಿತಿ ಕೇಳುವ ದಾರಿಯೂ ಅದೇ ಕಾನೂನಿನಲ್ಲಿದೆ."

ಕಾಗದವನ್ನು ಮೇಜಿನ ಮೇಲಿಟ್ಟು ಅದರ ಮೇಲೆ ಗಾಜಿನ ತೂಕವನ್ನಿರಿಸಿದರು. "ರೆಕ್ಟರರ ಅಭಿಪ್ರಾಯವನ್ನೂ ತರಿಸುತ್ತೇನೆ. ಎರಡೂ ಒಟ್ಟಿಗೆ ರೋಮಿಗೆ ಹೋಗುತ್ತವೆ. ನಿಮ್ಮ ವಿಚಾರ ಬೇರೆ ನೋಡೋಣ."

ನನ್ನ ವಿಚಾರ ಬೇಗ ಇತ್ಯರ್ಥವಾಯಿತು. ಎರಡು ವಾರದೊಳಗೆ ದಹಿಸರ್‌ನ ಒಂದು ಸಣ್ಣ ಚರ್ಚಿಗೆ ಸಹಾಯಕ ಪಾದ್ರಿಯಾಗಿ ವರ್ಗವಾಯಿತು. ಟ್ರಂಕು, ಹಾಸಿಗೆ, ಪುಸ್ತಕದ ಎರಡು ಪೆಟ್ಟಿಗೆ. ಹೊರಡುವ ದಿನ ರೆಕ್ಟರರು ಗೇಟಿನವರೆಗೆ ಬಂದು ಕೈ ಕುಲುಕಿದರು.

ಹುಬ್ಳಿಯ ಸಹಪಾಠಿಗಳು ಒಬ್ಬೊಬ್ಬರಾಗಿ ದೀಕ್ಷೆ ಪಡೆದರು. ರೋಮಿನ ಉತ್ತರ ಬರುವವರೆಗೆ ಅವನನ್ನು ಪರೇಲಿನ ಪಾದ್ರಿ ತಮ್ಮ ಮನೆಯಲ್ಲಿಟ್ಟುಕೊಂಡರು. ಅವನು ಚರ್ಚು ಗುಡಿಸಿದ, ಗಿರಣಿ ಕಾರ್ಮಿಕರ ಮಕ್ಕಳಿಗೆ ಧರ್ಮಪಾಠ ಹೇಳಿದ, ಚಾಳಿನ ಹೊಲಿಗೆ ಯಂತ್ರಗಳನ್ನು ರಿಪೇರಿ ಮಾಡಿದ. ಗುರುವಾರಗಳಂದು ಬಿಡುವು ಮಾಡಿಕೊಂಡು ದಹಿಸರ್‌ಗೆ ಬರುತ್ತಿದ್ದ. ಅಭ್ಯಾಸ ನಿಲ್ಲಿಸಲಿಲ್ಲ. ಒಂದು ಗುರುವಾರ ಮಾತ್ರ ರೊಟ್ಟಿ ಮುಟ್ಟದೆ ಕಿಟಕಿಯ ಬಳಿ ನಿಂತಿದ್ದ. "ಆಗೂದಿಲ್ಲ ಅಂತ ಬಂದರ, ನಾ ಏನ್ ಮಾಡಲಿರಿ?" ಎಂದು ಕೇಳಿದ.

"ಮತ್ತೆ ಬರೆಯುವ."

"ಮತ್ತೂ ಆಗೂದಿಲ್ಲ ಅಂದರ?"

"ನನ್ನ ಲ್ಯಾಟಿನ್ ಇನ್ನೂ ಮುಗಿದಿಲ್ಲ" ಎಂದೆ. ಅವನು ಬಂದು ರೊಟ್ಟಿ ಹಿಡಿದ.

ಉತ್ತರ ಬರಲು ಹತ್ತು ತಿಂಗಳು ಹಿಡಿಯಿತು. ವಿನಾಯಿತಿ ಕೊಟ್ಟಿದ್ದರು. ಮೊದಲ ಒಂದು ವರ್ಷ ಪೂಜೆಯ ಹೊತ್ತಿನಲ್ಲಿ ಇನ್ನೊಬ್ಬ ಗುರು ಪಕ್ಕದಲ್ಲಿರಬೇಕು ಎಂಬ ಒಂದೇ ಷರತ್ತು. ಸಬ್‌ಡೀಕನ್, ಡೀಕನ್ ದೀಕ್ಷೆಗಳು ಒಂದರ ಹಿಂದೆ ಒಂದಾದವು. ಗುರುದೀಕ್ಷೆ ದೊಡ್ಡ ಚರ್ಚಿನಲ್ಲಿ ಬೇಡ, ಪರೇಲಿನಲ್ಲೇ ಆಗಲಿ ಎಂದು ಅವನು ಕೇಳಿಕೊಂಡ. ವಿಧಿಗಳನ್ನು ನಡೆಸಿಕೊಡಲು ನನ್ನನ್ನು ಕರೆಯಬೇಕೆಂದೂ ಕೇಳಿದ. ಬಿಷಪರ ಕಾರ್ಯದರ್ಶಿ ನನಗೆ ಹೇಳಿ ಕಳಿಸಿದರು: ಅದಕ್ಕೆ ಮೊದಲು ರೆಕ್ಟರರಿಗೆ ವಿಷಾದದ ಒಂದು ಸಾಲು ಬರೆದರೆ ಒಳ್ಳೆಯದು. ನಾನು ಬರೆದೆ. ಅನುಮತಿಯಿಲ್ಲದೆ ರೈಲು ಹತ್ತಿದ್ದಕ್ಕೆ ವಿಷಾದವಿದೆ. ಕೈಯಲ್ಲಿ ಹಿಡಿದಿದ್ದ ಕಾಗದಕ್ಕೆ ಇಲ್ಲ. ಅದರ ಮೇಲೆ ಯಾರೂ ಏನೂ ಕೇಳಲಿಲ್ಲ.

ದೀಕ್ಷೆಯ ಬೆಳಿಗ್ಗೆ ಚರ್ಚು ತುಂಬಿ ಮೆಟ್ಟಿಲವರೆಗೂ ಜನ. ರೆಕ್ಟರರೂ ಬಂದು ಪಕ್ಕದ ಸಾಲಿನಲ್ಲಿ ಕೂತಿದ್ದರು. ಪುಸ್ತಕ ಹಿಡಿದು ಬಿಷಪರ ಎಡಕ್ಕೆ ನಿಂತ ನಾನು ಎಲ್ಲವನ್ನೂ ಮೊದಲೇ ಯೋಚಿಸಿಟ್ಟಿದ್ದೇನೆ ಎಂದುಕೊಂಡಿದ್ದೆ. ಒಂದನ್ನು ಮರೆತಿದ್ದೆ. ಅದು ಗುರುವಾಗುವವನ ಕೆಲಸವಲ್ಲ, ಬಿಷಪರದು. ಹಾಗಾಗಿ ನಾವು ಒಮ್ಮೆಯೂ ಅಭ್ಯಾಸ ಮಾಡಿರಲಿಲ್ಲ. ಹುಬ್ಳಿ ಮಂಡಿಯೂರಿ ಎರಡೂ ಅಂಗೈ ಜೋಡಿಸಿ ಚಾಚಿದ. ಬಿಷಪರು ಪವಿತ್ರ ತೈಲದಲ್ಲಿ ಹೆಬ್ಬೆರಳು ಅದ್ದಿ, ಅವನ ಬಲಗೈಯ ಹೆಬ್ಬೆರಳಿನಿಂದ ಎಡಗೈಯ ತೋರುಬೆರಳಿಗೆ ಗೆರೆ ಎಳೆದರು. ಎರಡನೆಯ ಗೆರೆ ಎಡಗೈಯ ಹೆಬ್ಬೆರಳಿನಿಂದ ಬಲಗೈಯ ತೋರುಬೆರಳಿಗೆ ಹೋಗಬೇಕು.

ಬಿಷಪರ ಕೈ ಅಂಗೈಯ ನಡುವೆ ನಿಂತಿತು. ನನ್ನ ಕಡೆ ನೋಡಿ ತುಟಿಯಲ್ಲೇ ಕೇಳಿದರು, "ಎಲ್ಲಿಗೆ?"

ಪುಸ್ತಕದಲ್ಲಿ ಅದಕ್ಕೆ ಉತ್ತರವಿರಲಿಲ್ಲ. "ಬೆರಳು ಇದ್ದಲ್ಲಿಗೆ" ಎಂದೆ.

ಅವರು ಗೆರೆಯನ್ನು ಮುಂದುವರಿಸಿ ಗಾಯದ ಗುರುತಿನವರೆಗೆ ಒಯ್ದು, ಅಲ್ಲಿ ತೈಲವನ್ನು ಒತ್ತಿ ಹಚ್ಚಿದರು. ಹುಬ್ಳಿ ಅಲುಗಲಿಲ್ಲ. ಆಮೇಲೆ ಎರಡೂ ಕೈಗಳನ್ನು ಬಿಳಿಯ ಬಟ್ಟೆಯಿಂದ ಕಟ್ಟಿದೆವು.

ಎಲ್ಲ ಮುಗಿದು ಜನ ಅಂಗಳದಲ್ಲಿ ಹೊಸ ಗುರುವಿನ ಕೈಗೆ ಮುತ್ತಿಡಲು ಸಾಲುಗಟ್ಟಿದ್ದರು. ಅವನ ತಂದೆ ನನ್ನನ್ನು ಕಂಬದ ಬದಿಗೆ ಕರೆದರು. ಇಸ್ತ್ರಿ ಮಾಡಿದ ಕೋಟು, ಉಗುರಿನ ಸಂದಿಯಲ್ಲಿ ಎಂದೂ ಹೋಗದ ಕಪ್ಪು. ಅವರು ಕೂತಿದ್ದ ಜಾಗದಿಂದ ಬಿಷಪರ ಬೆನ್ನಷ್ಟೇ ಕಂಡಿತ್ತಂತೆ.

"ಎಣ್ಣಿ ಸರಿಯಾಗಿ ಹತ್ತಿತೇನ್ರಿ ಫಾದರ್?"

"ಬುಡದ ತನಕ ಹತ್ತಿತು" ಎಂದೆ.

ಅವರು ತಲೆಯಾಡಿಸಿ, ಮಗನ ಕೈಗೆ ಮುತ್ತಿಡಲು ಸಾಲಿನ ಕೊನೆಗೆ ಹೋಗಿ ನಿಂತರು.